ಕೆಮ್ಮಿ ನಿಂತರೆ ಪೆಟ್ರೋಲು, ಕೆಮ್ಮದೆ ನಿಂತರೆ ಕರೆಂಟು

ಮೇಡಂ ಎಂಜಿನ್ನನ್ನು ನೋಡುವ ಮೊದಲು ಅದರ ಯಜಮಾನನನ್ನು ವಿಚಾರಣೆಗೆ ಹಿಡಿಯುತ್ತಿದ್ದರು. ಗಾಡಿ ಯಾವಾಗ ನಿಂತಿತು, ನಿಲ್ಲುವ ಮುಂಚೆ ಎಂಥ ಸದ್ದು ಮಾಡಿತು, ನಿಂತ ಮೇಲೆ ನೀನು ಏನು ಮಾಡಿದೆ, ಸುಳ್ಳು ಹೇಳಬೇಡ. ಈ 'ಸುಳ್ಳು ಹೇಳಬೇಡ' ಎಂಬುದನ್ನು ಅವರು ಪ್ರಶ್ನೆಯ ಜೊತೆಗೇ ಸೇರಿಸಿ ಕೇಳುವರು. ಗಾಡಿ ಕೆಡಿಸಿಕೊಂಡವರೆಲ್ಲ ಒಂದಿಷ್ಟು ಸುಳ್ಳು ಹೇಳುತ್ತಾರೆ, ಎಂಜಿನ್ ಮಾತ್ರ ಹೇಳುವುದಿಲ್ಲ ಎಂದು ಅವರ ನಂಬಿಕೆ. ಕಳೆದ ತಿಂಗಳು ಮೈಸೂರಿನಿಂದ ಅವರ ಮಗಳು ಫೋನ್ ಮಾಡಿ "ಅಮ್ಮ ಹೋದ್ರು" ಎಂದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಹೋಗೋ ಮುಂಚೆ ಏನಾಗಿತ್ತು?" ಎಂಬುದು. ಆ ಹುಡುಗಿಗೆ ಏನನ್ನಿಸಿತೋ. ಮೇಡಂ ಆಗಿದ್ದರೆ, ಸರಿಯಾದ ಪ್ರಶ್ನೆ ಕೇಳಿದೆ ಎನ್ನುತ್ತಿದ್ದರು.

ಅವರು ಕೊಡಗಿನವರು. ಗಂಡ ಸೈನ್ಯದಲ್ಲಿ ಲಾರಿ, ಜೀಪುಗಳ ವರ್ಕ್‌ಶಾಪ್ ನೋಡಿಕೊಳ್ಳುತ್ತಿದ್ದ ಅಧಿಕಾರಿ. ಅವರ ಜೊತೆ ದೇಶದ ಮೂಲೆಮೂಲೆಯ ಕಂಟೋನ್ಮೆಂಟುಗಳಲ್ಲಿ ಸಂಸಾರ ಹೂಡಿ, ಹೋದಲ್ಲೆಲ್ಲ ಶಾಲೆಯಲ್ಲಿ ಗಣಿತ ಕಲಿಸಿ, ಕೊನೆಗೆ ದಿಲ್ಲಿಯ ಮಯೂರ್ ವಿಹಾರದ ಒಂದು ಸೊಸೈಟಿಯಲ್ಲಿ ನೆಲಮಹಡಿಯ ಫ್ಲ್ಯಾಟ್ ಹಿಡಿದು ನಿಂತವರು. ಗಂಡ ತೀರಿಕೊಂಡ ಮೇಲೂ ಅಲ್ಲೇ ಇದ್ದರು. ನನಗೆ ಪರಿಚಯವಾಗುವ ಹೊತ್ತಿಗೆ ಅರವತ್ತು ದಾಟಿತ್ತು. ಗಿಡ್ಡ ಬಿಳಿ ಕೂದಲು, ಸಲ್ವಾರ್ ಕಮೀಜು, ಕಾಲಿಗೆ ಕ್ಯಾನ್ವಾಸ್ ಶೂ. ಅವರ ನಡಿಗೆ ನೋಡಿದರೆ ಹಿಂದೆ ಒಂದು ತುಕಡಿಯೇ ಬರುತ್ತಿರಬೇಕು ಎಂದು ತಿರುಗಿ ನೋಡುವ ಹಾಗಿತ್ತು. ಸೊಸೈಟಿಯ ಕಾವಲುಗಾರನಿಂದ ಹಿಡಿದು ತರಕಾರಿ ಭಯ್ಯಾವರೆಗೆ ಎಲ್ಲರಿಗೂ ಅವರು ಮೇಡಂ. ಹೆಸರು ಕೇಳುವ ಧೈರ್ಯ ಯಾರೂ ಮಾಡಿದಂತಿರಲಿಲ್ಲ.

ಎದುರಿನ ಮಾರ್ಕೆಟ್ಟಿನಲ್ಲಿ ನಮ್ಮ ಹೋಟೆಲು. ನಾವು ಉಡುಪಿ ಕಡೆಯವರು. ಅಪ್ಪ ಹಾಕಿದ ಅಂಗಡಿಯನ್ನು ಅಣ್ಣ ನಡೆಸುತ್ತಿದ್ದ. ಭಾನುವಾರ ಬೆಳಿಗ್ಗೆ ಮೇಡಂ ಬಂದು ಬಾಗಿಲ ಪಕ್ಕದ ಮೇಜಿನಲ್ಲಿ ಕೂತು ನೀರುದೋಸೆ ತಿನ್ನುವರು. ಕಾಫಿಯನ್ನು ಮಾತ್ರ ಒಂದು ಗುಟುಕು ಕುಡಿದು ಲೋಟ ಪಕ್ಕಕ್ಕಿಡುವರು. "ಇದನ್ನು ಕಾಫಿ ಅಂತ ಕರೀಬೇಡಿ. ಬೇರೆ ಏನಾದ್ರೂ ಹೆಸರಿಡಿ, ನಾನು ಪೂರ್ತಿ ಕುಡೀತೀನಿ," ಎಂದು ಅಣ್ಣನಿಗೆ ಹೇಳುವರು. ಊರಿಗೆಲ್ಲ ಎದುರುತ್ತರ ಕೊಡುವ ನನ್ನಣ್ಣ ಅವರ ಮುಂದೆ ಬಾಲ ಮುದುರಿಕೊಂಡು, "ಹೌದು ಮೇಡಂ, ನೋಡ್ತೇವೆ ಮೇಡಂ," ಎನ್ನುತ್ತಿದ್ದ. ನನಗೆ ಅದನ್ನು ನೋಡುವುದೇ ವಾರದ ಸಂಭ್ರಮ.

ಅವರ ಕಿವಿಯ ಬಗ್ಗೆ ಮಯೂರ್ ವಿಹಾರದಲ್ಲಿ ಕತೆಗಳೇ ಇದ್ದವು. ಒಂದು ಬೇಸಿಗೆಯಲ್ಲಿ ಕರೆಂಟು ಹೋಗಿ ಸೊಸೈಟಿಯ ಜನರೇಟರ್ ಶುರುವಾದಾಗ, ಮೇಡಂ ವರಾಂಡದಲ್ಲಿ ಪೇಪರ್ ಓದುತ್ತಾ ಕೂತಲ್ಲಿಂದಲೇ, "ಬೆಲ್ಟ್ ಸಡಿಲ ಆಗಿದೆ, ಸಂಜೆಯೊಳಗೆ ಕಿತ್ಕೊಂಡು ಹೋಗುತ್ತೆ," ಎಂದರಂತೆ. ಸೆಕ್ರೆಟರಿ ನಕ್ಕು ಸುಮ್ಮನಾದ. ಸಂಜೆ ಬೆಲ್ಟ್ ಹರಿದು, ಇಡೀ ಸೊಸೈಟಿ ಬೆವರು ಒರೆಸಿಕೊಳ್ಳುತ್ತಾ ಕೆಳಗಿಳಿದು ಬಂತು. ಮೇಡಂ ಎಲ್ಲರಿಗೂ ನಿಂಬೆ ಶರಬತ್ತು ಮಾಡಿ ಹಂಚಿದರು. ನಾನು ಹೇಳಿದ್ದೆನಲ್ಲ ಎಂದು ಒಮ್ಮೆಯೂ ಅನ್ನಲಿಲ್ಲ, ಆದರೆ ಸೆಕ್ರೆಟರಿಗೆ ಮಾತ್ರ ಎರಡು ಲೋಟ ಕೊಟ್ಟರು. ಬಸ್‌ ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿನ ಸದ್ದು ಕೇಳಿ ಡ್ರೈವರನಿಗೆ ಬುದ್ಧಿ ಹೇಳುವುದಂತೂ ಅವರಿಗೆ ನಮಸ್ಕಾರ ಹೇಳಿದಷ್ಟೇ ಸಹಜ.

ಇನ್ನು ನನ್ನ ವಿಚಾರ. ಕಾಲೇಜು ಮುಗಿದಾಗಿನಿಂದ ನಾನು ಹೋಟೆಲಿನ ಕೌಂಟರಿನಲ್ಲಿ ಕೂತಿದ್ದೆ. ನಾನು ಮುಂಗೋಪಿ. ಚಟ್ನಿ ಇನ್ನೊಮ್ಮೆ ಕೇಳಿದವರನ್ನೂ ದುರುಗುಟ್ಟಿ ನೋಡುವವನನ್ನು ಕೌಂಟರಿನಲ್ಲಿ ಕೂರಿಸುವುದು ವ್ಯಾಪಾರಕ್ಕೆ ಒಳ್ಳೆಯದಲ್ಲ ಎಂದು ನನಗೆ ಗೊತ್ತಿತ್ತು, ಅಣ್ಣನಿಗೂ ಗೊತ್ತಿತ್ತು. ಆದರೆ ಮನೆಯ ಮಗ ಕೌಂಟರಿನಲ್ಲಲ್ಲದೆ ಇನ್ನೆಲ್ಲಿ ಕೂರಬೇಕು ಎಂಬುದು ಅವನ ಲೆಕ್ಕ. ಮೆಟ್ರೋ ಕಂಬಗಳು ನಮ್ಮ ಕಡೆ ಏಳುತ್ತಿದ್ದ ವರ್ಷಗಳು ಅವು. ನೋಯ್ಡಾದಲ್ಲಿ ಹೊಸ ಹೊಸ ಅಪಾರ್ಟ್‌ಮೆಂಟುಗಳು, ಅವುಗಳ ತುಂಬ ಮಕ್ಕಳು, ಭಾನುವಾರ ಆ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದೆಂದು ತಿಳಿಯದ ತಂದೆತಾಯಿ. ನಾನು ಅಣ್ಣನ ಕಾಲು ಹಿಡಿಯದೆ, ಹಠ ಹಿಡಿದು, ಯಮುನೆಯ ಒಡ್ಡಿನ ಪಕ್ಕ ಒಂದು ಮರಳು ಮೈದಾನ ಬಾಡಿಗೆಗೆ ಹಿಡಿದೆ. ಚೀನಾದಿಂದ ತರಿಸಿದ ಅಗ್ಗದ ಎಟಿವಿ ನಾಲ್ಕು ಕೊಂಡೆ. ನಾಲ್ಕು ದಪ್ಪ ಚಕ್ರ, ಬೈಕಿನಂಥ ಹ್ಯಾಂಡಲ್ಲು, ಮರಳು ಗುಂಡಿ ಎನ್ನದೆ ನುಗ್ಗುವ ಆಟದ ಗಾಡಿಗಳು.

ಕನಿಷ್ಠ ನುಗ್ಗಬೇಕಿತ್ತು. ಬಂದ ಹೊಸದರಲ್ಲಿ ಚೆನ್ನಾಗಿಯೇ ಓಡಿದವು. ದಸರೆ ಕಳೆದದ್ದೇ ತಡ, ಶನಿ ಹೆಗಲೇರಿತು. ಬೆಳಿಗ್ಗೆ ಗುಂಡಿ ಒತ್ತಿದರೆ ಒಂದೇ ಏಟಿಗೆ ಶುರು. ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟು ಹೊತ್ತು ಓಡಿ, ಆಮೇಲೆ ಖೊಕ್ ಖೊಕ್ ಎಂದು ಕೆಮ್ಮಿ ನಿಂತುಬಿಡುವವು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗುವವು, ಮತ್ತೆ ನಿಲ್ಲುವವು. ಜೊತೆಗೆ ಬಂದ ಪುಸ್ತಿಕೆಯಲ್ಲಿ, ಎಂಜಿನ್ ಸಂತೋಷವಾಗಿ ಇಲ್ಲದಿದ್ದರೆ ಮಾರಾಟಗಾರನನ್ನು ಕಾಣುವುದು ಎಂಬರ್ಥದ ಇಂಗ್ಲಿಷ್ ಇತ್ತು. ಮಾರಾಟಗಾರ ಒಬ್ಬ ಮೆಕ್ಯಾನಿಕ್ಕನನ್ನು ಕಳಿಸಿದ. ಅವನು ಪ್ಲಗ್ ಬದಲಿಸಿದ, ಕಾರ್ಬ್ಯುರೇಟರ್ ತೊಳೆದ, "ಚೀನಾ ಮಾಲ್ ಹೈ ಭಯ್ಯಾ, ಕ್ಯಾ ಕರೇಂ," ಎಂದು ಹೋದ. ಆಮೇಲೆ ಮಾರಾಟಗಾರ ಫೋನ್ ಎತ್ತುವುದನ್ನೇ ಬಿಟ್ಟ.

ಅಣ್ಣ ಬಾಯಿ ಬಿಟ್ಟು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಚಳಿಗಾಲದ ಒಂದು ಭಾನುವಾರ ದಿಲ್ಲಿ, ನೋಯ್ಡಾದ ಕನ್ನಡದ ಸಂಸಾರಗಳೆಲ್ಲ ಸೇರಿ ನನ್ನ ಮೈದಾನದಲ್ಲೇ ಪಿಕ್‌ನಿಕ್ ಇಟ್ಟುಕೊಂಡಿದ್ದರು. ಊಟ ನಮ್ಮ ಹೋಟೆಲಿನದು. "ಆವತ್ತು ನಾನು ಬರ್ತೇನಲ್ಲ, ನೋಡ್ತೇನೆ. ಗಾಡಿ ನಿಂತು ಊರವರ ಮುಂದೆ ಮರ್ಯಾದೆ ಹೋದ್ರೆ, ಸೋಮವಾರ ಕೌಂಟರಿಗೆ ಬಂದು ಕೂತ್ಕೋ. ಮತ್ತೆ ಈ ಮಾತು ಎತ್ತಬಾರದು," ಎಂದ ಅಣ್ಣ. ನಾನು ಆಗಲಿ ಎಂದೆ. ಉಳಿದ ಆಯುಷ್ಯವೆಲ್ಲ ಆ ಕುರ್ಚಿಯಲ್ಲಿ, ಅಪ್ಪನ ಫೋಟೋದ ಕೆಳಗೆ, ಚಿಲ್ಲರೆ ಕೊಡುತ್ತಾ ಕೂತಿರುವುದು ಕಣ್ಣಿಗೆ ಕಟ್ಟಿತು.

ಮಾರನೆಯ ದಿನ ಭಾನುವಾರ, ಹೋಟೆಲಿನಲ್ಲಿ ನಿಂತು ಎತ್ತದ ಫೋನಿಗೇ ಬೈಯುತ್ತಿದ್ದೆ. ಬಾಗಿಲ ಪಕ್ಕದ ಮೇಜಿನಿಂದ ಮೇಡಂ ಕೇಳಿದರು, "ಯಾರ ಮೇಲೆ ಸಿಟ್ಟು? ಗಾಡಿ ಮೇಲೋ, ಮಾರಿದವನ ಮೇಲೋ?"

"ಇಬ್ಬರ ಮೇಲೂ."

"ಒಬ್ಬರನ್ನ ಆರಿಸ್ಕೋ. ಗಾಡಿ ಮೇಲಾದ್ರೆ ನಾನು ಬರ್ತೀನಿ."

"ಸರಿಹೋಗ್ತದಾ ಮೇಡಂ?"

"ಹೋಗ್ದೆ ಏನು? ಮನುಷ್ಯರು ಮಾಡಿದ ಎಂಜಿನ್ ತಾನೆ, ಚಲೋ," ಎಂದು ಎದ್ದೇಬಿಟ್ಟರು. ಅವತ್ತಿನ ಕಾಫಿಯನ್ನು ಮುಟ್ಟಿಯೂ ನೋಡಲಿಲ್ಲ.

ಮೈದಾನಕ್ಕೆ ಬಂದವರು ಗಾಡಿಯ ಹತ್ತಿರ ಹೋಗದೆ ಪ್ಲಾಸ್ಟಿಕ್ ಕುರ್ಚಿ ತರಿಸಿ ಕೂತು, ನನ್ನನ್ನು ಎದುರಿಗೆ ನಿಲ್ಲಿಸಿಕೊಂಡರು. ನಾನು ಹೇಳಿದೆ. ನಡುವೆ ಎರಡು ಸಲ ಆ ಚೀನಾದವರನ್ನು ಬೈದೆ. "ಬೈಯೋದಾದ್ರೆ ಆ ಗೋಡೆ ಹತ್ರ ಹೋಗಿ ಬೈದು ಬಾ. ಎಂಜಿನ್ನಿಗೆ ಪಾಸ್‌ಪೋರ್ಟ್ ಇಲ್ಲ. ಗಾಳಿ, ಪೆಟ್ರೋಲು, ಕಿಡಿ ಮೂರೂ ಹೊತ್ತಿಗೆ ಸರಿಯಾಗಿ ಬಂದ್ರೆ ಅದು ಓಡಲೇಬೇಕು, ಇಲ್ಲ ಅನ್ನೋಕೆ ಅದಕ್ಕೆ ಬರಲ್ಲ," ಎಂದರು. ನಾನು ನಿಜವಾಗಿಯೂ ಗೋಡೆಯ ಹತ್ತಿರ ಹೋಗಿ ತುಳುವಿನಲ್ಲಿ ಮನಸಾರೆ ಬೈದು ಬಂದೆ. ಮೇಡಂ ಮುಖದಲ್ಲಿ ನಗೆಯ ಸುಳಿವೂ ಇಲ್ಲ.

"ನಿಲ್ಲುವಾಗ ಕೆಮ್ಮುತ್ತಾ, ಸುಮ್ಮನೆ ನಿಲ್ಲುತ್ತಾ?"

"ಕೆಮ್ಮುತ್ತೆ."

"ಕೆಮ್ಮಿ ನಿಂತರೆ ಪೆಟ್ರೋಲು. ಕೆಮ್ಮದೆ ನಿಂತರೆ ಕರೆಂಟು. ಇದನ್ನು ತಲೇಲಿ ಇಟ್ಕೋ. ನಿಂತ ಮೇಲೆ ಏನು ಮಾಡ್ತೀಯ?"

"ಏನೂ ಇಲ್ಲ, ಮತ್ತೆ ಗುಂಡಿ ಒತ್ತುತ್ತೇನೆ."

"ಸುಳ್ಳು. ಅದಕ್ಕೂ ಮುಂಚೆ ಏನೋ ಮಾಡ್ತೀಯ."

ಯೋಚಿಸಿದೆ. "ಪೆಟ್ರೋಲು ಖಾಲಿಯಾಯ್ತೇನೋ ಅಂತ ಟ್ಯಾಂಕಿನ ಮುಚ್ಚಳ ತೆಗೆದು ನೋಡ್ತೇನೆ. ಇರುತ್ತೆ. ಮುಚ್ಚಿ ಗುಂಡಿ ಒತ್ತಿದ್ರೆ ಶುರುವಾಗುತ್ತೆ."

"ಮುಚ್ಚಳ ತೆಗೆಯುವಾಗ ಸದ್ದು?"

"ಪುಸ್ ಅನ್ನುತ್ತೆ."

ಮೇಡಂ ಕುರ್ಚಿಯಿಂದ ಎದ್ದರು. "ಹಾಗಾದ್ರೆ ರಿಪೇರಿ ನೀನೇ ದಿನಾ ಮಾಡ್ತಿದ್ದೀಯ, ನಿನಗೇ ಗೊತ್ತಿಲ್ಲ," ಎಂದು ನೇರ ಮೊದಲ ಗಾಡಿಯ ಟ್ಯಾಂಕಿನ ಹತ್ತಿರ ಹೋಗಿ ಬಗ್ಗಿ ನೋಡಿದರು. ಪೆಟ್ರೋಲು ಕೆಳಗಿಳಿದಂತೆ ಅದರ ಜಾಗಕ್ಕೆ ಗಾಳಿ ಬರಬೇಕು. ಅದಕ್ಕೆಂದೇ ಮುಚ್ಚಳದ ನಡುವೆ ಸೂಜಿಯ ಮೊನೆಯಷ್ಟು ತೂತು ಇರುತ್ತದೆ. ನಮ್ಮ ಗಾಡಿಗಳಲ್ಲಿ ಆ ತೂತಿನ ಮೇಲೆ ಗಂಧ, ಗಂಧದ ಮೇಲೆ ಕುಂಕುಮ, ಅದರ ಮೇಲೆ ಯಮುನೆಯ ಧೂಳು, ಮತ್ತೆ ಗಂಧ, ಮತ್ತೆ ಕುಂಕುಮ ಕೂತು ಸಿಮೆಂಟಿನಷ್ಟು ಗಟ್ಟಿಯಾಗಿತ್ತು. ಒಂದಲ್ಲ, ನಾಲ್ಕರಲ್ಲೂ.

ಇದು ಅಮ್ಮನ ಕೆಲಸ. ಆಯುಧಪೂಜೆಯ ದಿನ ಗಾಡಿಗಳನ್ನು ತೊಳೆದು ಪೂಜೆ ಮಾಡಿದ್ದಳು. ಸವಾರನ ಮುಂದೆ ನಟ್ಟನಡುವೆ ದುಂಡಗೆ ಇದ್ದ ಆ ಮುಚ್ಚಳವೇ ಗಾಡಿಯ ಹಣೆ ಎಂದು ತೀರ್ಮಾನಿಸಿ ಬೊಟ್ಟಿಟ್ಟಿದ್ದಳು. ಆಮೇಲೆ ಗಾಡಿಗಳು ನಿಲ್ಲತೊಡಗಿದ ಮೇಲೆ ಭಕ್ತಿ ಇನ್ನೂ ಹೆಚ್ಚಾಗಿ, ಮಂಗಳವಾರ, ಶುಕ್ರವಾರ ತಪ್ಪದೆ ನನ್ನ ಜೊತೆ ಬಂದು ಇನ್ನಷ್ಟು ಧಾರಾಳವಾಗಿ ಇಡುತ್ತಿದ್ದಳು. ಅವತ್ತು ಭಾನುವಾರವಾದರೂ ನಮ್ಮ ಹಿಂದೆಯೇ ಬಂದು, ಗಂಧದ ಬಟ್ಟಲು ಹಿಡಿದು ನಿಂತಿದ್ದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಕೈಯೆತ್ತಿ ತಡೆದರು. ಅಮ್ಮನನ್ನು ಹತ್ತಿರ ಕರೆದು ತೂತು ಇರುವ ಜಾಗ ತೋರಿಸಿ, "ಇದು ಹಣೆ ಅಲ್ಲಮ್ಮ, ಮೂಗು," ಎಂದರು.

ಅಮ್ಮನ ಮುಖ ಸಣ್ಣದಾಯಿತು. "ಹಾಗಾದ್ರೆ ನಾನೇ ಗಾಡಿ ನಿಲ್ಲಿಸಿದ್ದಾ?"

"ಉಸಿರು ಕಟ್ಟಿಸಿದ್ರಿ ಅಷ್ಟೆ. ಈಗ ನೀವೇ ಬಿಡಿಸಿ. ನಮ್ಮಲ್ಲೂ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂ ಇಟ್ಟು ಪೂಜೆ ಮಾಡ್ತೀವಿ. ಆದರೆ ಹೂ ತೆಗೆದೇ ಗುಂಡು ಹೊಡೆಯೋದು."

ಅಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ನು ತೆಗೆದು, ಕೂತು, ನಾಲ್ಕೂ ಮುಚ್ಚಳಗಳ ತೂತನ್ನು ಬಿಡಿಸಿದಳು. ಮುಗಿಸಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಹಣೆ ಎಲ್ಲಿ ಹಾಗಾದ್ರೆ?" ಎಂದು ಕೇಳಿದಳು. ನನಗೆ ನಗು ಬಂತು. ಮೇಡಂಗೆ ಬರಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದು, ಗಂಭೀರವಾಗಿ ನೋಡಿ, ಹೆಡ್‌ಲೈಟಿನ ಮೇಲೆ ತಟ್ಟಿ, "ಇಲ್ಲಿ," ಎಂದರು. ಅಮ್ಮ ಅಲ್ಲೇ ಬೊಟ್ಟಿಟ್ಟಳು. ಅವತ್ತು ನಾಲ್ಕು ಗಾಡಿಗಳೂ ಮಧ್ಯಾಹ್ನದವರೆಗೆ ಕೆಮ್ಮದೆ ಓಡಿದವು.

ಆದರೆ ನಾಲ್ಕನೆಯದಕ್ಕೆ ಇನ್ನೊಂದು ರೋಗವಿತ್ತು. ಬಿಸಿಯಾದ ಮೇಲೆ ನಾವಾಗಿಯೇ ಆರಿಸಿದರೆ ಮತ್ತೆ ಶುರುವಾಗಲು ಒಲ್ಲೆ ಎನ್ನುತ್ತಿತ್ತು; ಪೂರ್ತಿ ತಣಿದ ಮೇಲೇ ಮಾತು. ಪ್ಲಗ್ ಬಿಚ್ಚಿ ನೋಡಿದರೆ ಕಿಡಿ ಚೆನ್ನಾಗಿದೆ, ಪೆಟ್ರೋಲೂ ಬರುತ್ತಿದೆ. ತಣಿದು ಮತ್ತೆ ಶುರುವಾದ ಮೇಲೆ ಮೇಡಂ ಉದ್ದದ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಬಹಳ ಹೊತ್ತು ಕೇಳಿದರು. "ಒಳಗೆ ವಾಲ್ವು ತೀರಾ ಬಿಗಿ. ಬಿಸಿಗೆ ಹಿಗ್ಗಿದ ಮೇಲೆ ಪೂರ್ತಿ ಮುಚ್ಚಿಕೊಳ್ತಿಲ್ಲ, ಒತ್ತಡ ಸೋರಿ ಹೋಗ್ತಿದೆ. ಬಿಚ್ಚಬೇಕು," ಎಂದರು. ಪಿಕ್‌ನಿಕ್ಕಿಗೆ ಉಳಿದದ್ದು ಅದೊಂದೇ ವಾರ. ಬಿಚ್ಚಿದ್ದು ಮತ್ತೆ ಜೋಡಿಸಲು ಬರದಿದ್ದರೆ ಗಾಡಿಯೇ ಇಲ್ಲ. ನಾನು, ಬೇಡ ಮೇಡಂ, ಮೂರರಲ್ಲೇ ಸುಧಾರಿಸೋಣ ಎಂದೆ. "ಕುಂಟುವ ಕುದುರೆಯನ್ನ ಲಾಯದಲ್ಲಿ ಬಚ್ಚಿಟ್ಟು ನಿಮ್ಮಣ್ಣನ ಮುಂದೆ ನಿಲ್ತೀಯಾ? ನಾಳೆ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ," ಎಂದು ಹೊರಟುಹೋದರು.

ಬೆಳಿಗ್ಗೆ ಮಂಜು ಮುಸುಕಿತ್ತು. ಮೇಡಂ ಹೋಟೆಲಿನಿಂದ ದೊಡ್ಡ ಸ್ಟೀಲ್ ತಟ್ಟೆ ತರಲು ಹೇಳಿದ್ದರು. ಬಿಚ್ಚಿದ ಒಂದೊಂದು ಬೋಲ್ಟನ್ನೂ ಅದು ಎಂಜಿನ್ನಿನಲ್ಲಿ ಎಲ್ಲಿತ್ತೋ ತಟ್ಟೆಯಲ್ಲೂ ಅದೇ ಜಾಗಕ್ಕೆ ಇಟ್ಟರು. ಚಕ್ರದಂತಿದ್ದ ಬಿಲ್ಲೆಯನ್ನು ನಿಧಾನವಾಗಿ ತಿರುಗಿಸಿ ಗುರುತಿಗೆ ಸರಿಯಾಗಿ ನಿಲ್ಲಿಸಿದರು. ಪಿಸ್ಟನ್ ಮೇಲೆ ಬಂದಿದೆಯೇ ಎಂದು ನೋಡಿದರು, ಮತ್ತೊಮ್ಮೆ ತಿರುಗಿಸಿ ನೋಡಿದರು. ಕಾಗದದಷ್ಟು ತೆಳುವಾದ ಉಕ್ಕಿನ ಪಟ್ಟಿಯೊಂದನ್ನು ವಾಲ್ವಿನ ಸಂದಿಗೆ ತೂರಿಸಲು ಹೋದರೆ ಅದು ಒಳಗೇ ಹೋಗಲಿಲ್ಲ. "ಕಂಡ್ಯಾ? ಉಸಿರಾಡೋಕೆ ಜಾಗವೇ ಇಟ್ಟಿಲ್ಲ ಪುಣ್ಯಾತ್ಮರು," ಎಂದರು. ಪುಟ್ಟ ನಟ್ಟನ್ನು ಕೂದಲೆಳೆಯಷ್ಟು ಸಡಿಲಿಸಿ, ಪಟ್ಟಿ ತೂರಿಸಿ, ಎಳೆದು, "ಹಿಡಿ, ಬೆರಳಿಗೆ ಗೊತ್ತಾಗಬೇಕು. ಸರಾಗ ಬರಬಾರದು, ಸಿಕ್ಕಿಕೊಳ್ಳಲೂಬಾರದು," ಎಂದು ನನ್ನ ಕೈಗೆ ಕೊಟ್ಟರು. ಎರಡನೆಯ ವಾಲ್ವನ್ನು ನನ್ನಿಂದಲೇ ಮಾಡಿಸಿದರು. ಎಲ್ಲ ಮುಚ್ಚಿ, ಓಡಿಸಿ, ಬಿಸಿ ಮಾಡಿ, ಆರಿಸಿ, ಮತ್ತೆ ಗುಂಡಿ ಒತ್ತಿದೆ. ಒಂದೇ ಏಟಿಗೆ ಶುರುವಾಯಿತು. ನನಗೆ ಕುಣಿಯುವಂತಾಯಿತು. ಮೇಡಂ ಮಾತ್ರ, ಈ ಗಾಡಿಗಳ ಬೋಲ್ಟೆಲ್ಲ ಬೆಣ್ಣೆ, ದಿನಾ ಬೆಳಿಗ್ಗೆ ಒಂದೊಂದನ್ನೂ ಬಿಗಿ ಮಾಡದಿದ್ದರೆ ಕಳಚಿ ಬೀಳುತ್ತವೆ ಎಂದು ಬೈಯುತ್ತಾ ಕೈ ತೊಳೆಯಲು ಹೋದರು.

ಪಿಕ್‌ನಿಕ್ಕಿನ ಭಾನುವಾರ ಒಳ್ಳೆಯ ಬಿಸಿಲು ಬಿದ್ದಿತ್ತು. ಅಣ್ಣ ಬಿಸಿಬೇಳೆಬಾತಿನ ಪಾತ್ರೆಯ ಹಿಂದೆ ಸೌಟು ಹಿಡಿದು ನಿಂತಿದ್ದ, ಕಣ್ಣು ಮಾತ್ರ ಮೈದಾನದ ಮೇಲೆ. ತಾಯಂದಿರು "ಜಾಗ್ರತೆ ಕಂದಾ, ಗಟ್ಟಿ ಹಿಡ್ಕೋ" ಎಂದು ಕೂಗಿದರೆ ಮಕ್ಕಳು "ಹಾಂ ಮಮ್ಮಿ, ಪತಾ ಹೈ" ಎನ್ನುತ್ತಾ ಸುತ್ತು ಹೊಡೆಯುತ್ತಿದ್ದವು. ಊಟದ ಹೊತ್ತಿನವರೆಗೂ ಒಂದು ಗಾಡಿಯೂ ತಕರಾರು ಮಾಡಲಿಲ್ಲ. ಆಮೇಲೆ, ಎಲ್ಲರೂ ತಟ್ಟೆ ಹಿಡಿದು ನೋಡುತ್ತಿರುವಾಗ, ಎರಡನೆಯ ಗಾಡಿ ಅಣ್ಣನ ಪಾತ್ರೆಯ ಎದುರಿಗೇ ಬಂದು ನಿಂತಿತು.

ಅದರ ಮೇಲಿದ್ದ ಹುಡುಗಿ ಗುಂಡಿ ಒತ್ತಿದಳು. ಇಲ್ಲ. "ಅಂಕಲ್, ಯೇ ತೋ ಬಂದ್ ಹೋ ಗಯಾ," ಎಂದಳು. ಅಣ್ಣ ಸೌಟನ್ನು ಕೆಳಗಿಟ್ಟ.

ನಾನು ಮೇಡಂ ಕಡೆ ನೋಡಿದೆ. ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತು ಕಿತ್ತಳೆ ಸುಲಿಯುತ್ತಿದ್ದರು. ನನ್ನನ್ನು ನೋಡಿದರು, ಗಾಡಿಯನ್ನು ನೋಡಿದರು, ಒಂದು ತೊಳೆ ಬಾಯಿಗೆ ಹಾಕಿಕೊಂಡರು. ಏಳಲಿಲ್ಲ. ನನಗೆ ಆ ಕ್ಷಣಕ್ಕೆ ಅವರ ಮೇಲೆ ಎಂಥ ಕೋಪ ಬಂತೆಂದರೆ ಗೋಡೆಯ ಹತ್ತಿರ ಹೋಗಲೂ ಸಮಯವಿರಲಿಲ್ಲ.

ಕೆಮ್ಮಿತ್ತೇ? ಇಲ್ಲ. ಸುಮ್ಮನೆ ನಿಂತಿತು. ಹಾಗಾದರೆ ಕರೆಂಟು. ಹ್ಯಾಂಡಲ್ಲಿನಲ್ಲಿ ಎಂಜಿನ್ ಆರಿಸುವ ಕೆಂಪು ಗುಂಡಿ ನೋಡಿದೆ, ಸರಿಯಿದೆ. ಮಕ್ಕಳು ಬಿದ್ದರೆ ಎಂಜಿನ್ ಆರಿಸಲು ಹಿಂದೆ ಒಂದು ಹಗ್ಗ ಇರುತ್ತದೆ. ಅದೂ ಜಾಗದಲ್ಲೇ ಇದೆ. ಹುಡುಗಿಯನ್ನು ಇಳಿಸಿ ಸೀಟು ಎತ್ತಿದೆ. ವಯರುಗಳನ್ನು ಕೂಡಿಸುವ ತುಂಡೊಂದು ಕುಲುಕಿ ಕುಲುಕಿ ಅರ್ಧ ಕಳಚಿಕೊಂಡಿತ್ತು. ಟಕ್ಕೆಂದು ಒತ್ತಿ, ಟೇಪು ಸುತ್ತಿ, ಸೀಟು ಹಾಕಿ ಗುಂಡಿ ಒತ್ತಿದೆ. ಶುರುವಾಯಿತು. ಸಾಲಿನಲ್ಲಿ ನಿಂತಿದ್ದ ಮಕ್ಕಳು ಚಪ್ಪಾಳೆ ಹೊಡೆದವು.

ಅಣ್ಣ ನನ್ನ ಹತ್ತಿರ ಬಂದ. "ನಿಂತಿತಲ್ಲ," ಎಂದ.

"ನಿಂತಿತು."

ಸುತ್ತು ಹೊಡೆಯುತ್ತಿದ್ದ ಗಾಡಿಯನ್ನು ಸ್ವಲ್ಪ ಹೊತ್ತು ನೋಡಿದ. "ನೀನು ಕೌಂಟರಿನಲ್ಲಿ ಯಾವತ್ತೂ ಇಷ್ಟು ಸಮಾಧಾನದಿಂದ ಕೂತದ್ದು ನೋಡಿಲ್ಲ ನಾನು. ನಾಳೆ ಅಲ್ಲಿಗೆ ಬೇರೆ ಯಾರನ್ನಾದ್ರೂ ಹುಡುಕ್ತೇನೆ," ಎಂದು ತಿರುಗಿ ಹೋಗಿ ಮತ್ತೆ ಸೌಟು ಹಿಡಿದ.

ನಾನು ಹೋಗಿ ಮೇಡಂ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. ಅವರು ಅರ್ಧ ಕಿತ್ತಳೆ ನನ್ನ ಕೈಗೆ ಹಾಕಿದರು. ಇಬ್ಬರೂ ತಿಂದೆವು.

"ಮೇಡಂ, ಇಷ್ಟು ವರ್ಷದಲ್ಲಿ ಎಷ್ಟು ಎಂಜಿನ್ ಬಿಚ್ಚಿರಬಹುದು ನೀವು?" ಎಂದು ಕೇಳಿದೆ.

"ಒಂದು."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ.

"ನಿಂದೇ, ಆ ನಾಲ್ಕನೇ ಗಾಡಿದು. ನಮ್ಮನೆಯವರು ಬಿಚ್ಚುವಾಗ ನಾನು ಪಕ್ಕದಲ್ಲಿ ಟಾರ್ಚ್ ಹಿಡ್ಕೊಂಡು ನಿಲ್ತಿದ್ದೆ. ಮದುವೆಯಾದಾಗಿನಿಂದ ಅವರು ಹೋಗೋವರೆಗೂ ಟಾರ್ಚೇ ಹಿಡಿದೆ. ಸ್ಪ್ಯಾನರ್ ಮಾತ್ರ ಕೈಗೆ ಕೊಡ್ಲಿಲ್ಲ ಮಹಾರಾಯರು."

"ಮತ್ತೆ ಅಷ್ಟು ಧೈರ್ಯದಿಂದ ಬಿಚ್ಚಿದ್ರಲ್ಲ?"

"ಧೈರ್ಯ ಎಲ್ಲಿತ್ತು? ಹಿಂದಿನ ರಾತ್ರಿ ನಿದ್ದೆನೇ ಹತ್ತಿರಲಿಲ್ಲ," ಎಂದು ಮೇಡಂ ಕಿತ್ತಳೆಯ ಬೀಜವನ್ನು ಸಿಪ್ಪೆಯೊಳಗೆ ಉಗಿದರು. "ಆದರೆ ನೀನು ಹೆದರಿ ಕೂತಿದ್ದೆ. ಇಬ್ಬರೂ ಹೆದರಿದ್ರೆ ಗಾಡಿ ಯಾರು ನೋಡೋದು?"